ಬಾವಿ ಕೌದಿಯೊಡನೆ ಮೈಸೂರಿಗೆ

ಧಾರವಾಡದಿಂದ ನಾವು ಹೊರಟದ್ದು ಕಾರ್ತಿಕ ಮಾಸದ ಒಂದು ಸಂಜೆ, ರಾಜ್ಯ ಒಂದಾಗಿ ಎರಡು ವರ್ಷ ಕಳೆದ ಮೇಲೆ. ನಾವು ಎಂದರೆ ನಾನು, ಅವ್ವ ಮತ್ತು ಒಂದು ಕೌದಿ. ಕೌದಿಗೆ ಟಿಕೇಟು ಇರಲಿಲ್ಲ, ಆದರೆ ಜಾಗ ಮಾತ್ರ ನಮ್ಮಿಬ್ಬರಿಗಿಂತ ಹೆಚ್ಚು ಬೇಕಾಯಿತು. ಹಳೆಯ ಧೋತರದಲ್ಲಿ ಸುತ್ತಿ ಹಗ್ಗ ಬಿಗಿದ ಆ ಗಂಟನ್ನು ಅವ್ವ ಮೇಲಿನ ಹಲಗೆಗೆ ಏರಿಸಲು ಒಪ್ಪಲಿಲ್ಲ. "ಮ್ಯಾಲೆ ಯಾರರ ಟ್ರಂಕು ಒಗದ್ರ?" ಎಂದು ಮಡಿಲಲ್ಲೇ ಇಟ್ಟುಕೊಂಡಳು.

ಹೋಗಬೇಕಾಗಿದ್ದುದು ಮೈಸೂರಿನ ಲಕ್ಷ್ಮೀಪುರಂಗೆ. ನನ್ನ ತಮ್ಮ ವಸಂತ ಅಲ್ಲೊಂದು ಕಚೇರಿಯಲ್ಲಿ ಕೆಲಸಕ್ಕಿದ್ದಾನೆ. ಆ ಊರಿನ ಸರೋಜಳನ್ನೇ ಮದುವೆಯಾದ. ಸರೋಜ ತವರಿನಲ್ಲಿ ಹೆಣ್ಣುಮಗು ಹೆತ್ತು ಮೂರನೆಯ ತಿಂಗಳು ನಡೆಯುತ್ತಿತ್ತು. ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ನಮ್ಮನ್ನು ಕರೆದಿದ್ದರು. ನಮ್ಮ ಮನೆಯಲ್ಲಿ ಮಗುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವುದು ತಂದೆಯ ತಾಯಿ ಹೊಲಿದ ಕೌದಿಯ ಮೇಲೆ. ಅವ್ವನಿಗೆ ಇದು ಮೊದಲನೆಯ ಮೊಮ್ಮಗು. ಬೀಗರ ಮನೆಯ ಯಜಮಾನರು ಅರಮನೆಯ ಉಗ್ರಾಣದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಂಥವರು ಹಳೆಯ ಸೀರೆಗಳ ತುಂಡುಗಳಿಂದ ಹೊಲಿದದ್ದನ್ನು ತೊಟ್ಟಿಲಿಗೆ ಹಾಕಲು ಒಪ್ಪುತ್ತಾರೋ ಇಲ್ಲವೋ ಎಂಬುದೇ ಅವ್ವನ ಚಿಂತೆ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹುಬ್ಬಳ್ಳಿ ದಾಟುವುದರೊಳಗೆ, "ಅವರ ಮನ್ಯಾಗ ಗಾದಿ ಇರ್ತಾವೇನೋ," ಎಂದು ಮತ್ತೆ ಮತ್ತೆ ಹೇಳಿದಳು, ಅಷ್ಟೆ.

ಕೌದಿಯ ನಮೂನೆಯ ಬಗ್ಗೆ ಮನೆಯಲ್ಲಿ ಮೊದಲೇ ಒಂದು ವಾದ ನಡೆದುಹೋಗಿತ್ತು. ಅವ್ವ ಹೊಲಿಯುವುದು ಒಂದೇ ನಮೂನೆ. ಅವಳ ಅವ್ವ ಹೊಲಿಯುತ್ತಿದ್ದುದೂ ಅದೇ. ಚೌಕದೊಳಗೆ ಚೌಕ, ಅದರೊಳಗೆ ಇನ್ನೊಂದು, ಮೆಟ್ಟಿಲಿಳಿದಂತೆ ಕಿರಿದಾಗುತ್ತ ಹೋಗಿ ನಡುವೆ ಅಂಗೈಯಷ್ಟು ಒಂದು ತುಂಡು. ಇದಕ್ಕೆ ನಮ್ಮಲ್ಲಿ ಬಾವಿ ಎನ್ನುತ್ತಾರೆ. ನಾನು ಒಂದು ಪತ್ರಿಕೆಯಿಂದ ಗುಲಾಬಿ ಹೂವಿನ ಹೊಸ ನಮೂನೆ ಕತ್ತರಿಸಿ ಕೊಟ್ಟಿದ್ದೆ. ಅವ್ವ, "ಚಂದ ಅದ," ಎಂದು ಮೆಚ್ಚಿ, ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೂಜಿ ಚುಚ್ಚಿಡಲು ಬಳಸಿಕೊಂಡಳು. ಬಾವಿಯನ್ನೇ ಹೊಲಿದಳು.

ಜನ ಯಾಕೆ ಇದನ್ನೇ ಬಯಸುತ್ತಾರೆ ಎಂಬ ಪ್ರಶ್ನೆ ಆಗಿನಿಂದ ನನ್ನ ತಲೆಯಲ್ಲಿತ್ತು. ಕಾಲೇಜಿನಲ್ಲಿ ಇತಿಹಾಸ ಓದಿದವಳಿಗೆ ಯಾವುದು ಉಳಿದರೂ ಕಾರಣ ಹುಡುಕುವ ಚಟ. ಅಭ್ಯಾಸವೇ? ಅಥವಾ ಬೇರೆ ಏನನ್ನೂ ಹೊಲಿಯಲು ಬಾರದ್ದೇ? ಗಾಡಿಯಲ್ಲಿ ನಾನು ಅವ್ವನಿಗೆ, ನನ್ನ ಚಿಕ್ಕಂದಿನ ಕೌದಿಯ ಬಾವಿಯ ನಡುವೆ ಕೆಂಪು ತುಂಡಿತ್ತು, ಜ್ವರ ಬಂದಾಗ ಅದರ ಮೇಲೆ ಬೆರಳಿಟ್ಟುಕೊಂಡು ಮಲಗುತ್ತಿದ್ದೆ ಎಂದೆ.

"ಕೆಂಪಲ್ಲ, ಹಸರ," ಎಂದಳು ಅವ್ವ. "ನಿಮ್ಮಜ್ಜಿ ಹಸರ ಇಳಕಲ್ಲ ಸೀರಿದು."

"ಕೆಂಪವ್ವಾ. ನನಗ ಕಣ್ಣಿಗೆ ಕಟ್ಟಿಧಾಂಗ ಅದ."

"ಜ್ವರದಾಗ ಎಲ್ಲಾ ಕೆಂಪ ಕಾಣತದ, ಸುಮೀ."

ನನ್ನ ನೆನಪಿನ ಮೇಲೆ ನನಗೆ ಮೊದಲಿನಿಂದಲೂ ಪೂರ್ತಿ ಭರವಸೆಯಿಲ್ಲ. ದಿನಚರಿ ಬರೆಯುವುದೂ ಅದಕ್ಕೇ. ಆದರೆ ಈ ಕೆಂಪನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಆ ಹಳೆಯ ಕೌದಿ ಈಗ ಇಲ್ಲ. ಸವೆದ ಕೌದಿಯನ್ನು ನಮ್ಮಲ್ಲಿ ಬಿಸಾಡುವುದಿಲ್ಲ, ಹೊಸದರ ಒಳಪದರಾಗಿ ಹೊಲಿದುಬಿಡುತ್ತಾರೆ. ಅವ್ವ ಮಡಿಲಿನ ಗಂಟನ್ನು ತಟ್ಟಿ, "ಅದರ ನಡುವಿನ ತುಂಡು ಇದರಾಗೇ ಅದ, ಕಡೀ ಮೂಲ್ಯಾಗ," ಎಂದಳು. ಸಾಕ್ಷಿ ಅಷ್ಟು ಹತ್ತಿರವಿದ್ದೂ ಹೊಲಿಗೆಯೊಳಗೆ ಸಿಕ್ಕಿಕೊಂಡಿತ್ತು.

ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟುವಾಗ ಅವ್ವ ಎಚ್ಚರವಾಗಿದ್ದಳು. ಹಿಂದೆ ಅದೇ ಗಡಿ. ನದಿಗೆ ಕೈಮುಗಿದು, "ಇನ್ನ ಮ್ಯಾಲೆ ರೊಟ್ಟಿ ಇಲ್ಲ," ಎಂದಳು. ಬೆಳಗಿನ ಜಾವಕ್ಕೆ ಅರಸೀಕೆರೆ. ಅಲ್ಲಿ ಇಳಿದು ಮೈಸೂರಿನ ಗಾಡಿಗೆ ಕಾಯಬೇಕು. ಚಳಿ ಚೆನ್ನಾಗಿತ್ತು. ಪಕ್ಕದ ಬೆಂಚಿನ ಹೆಂಗಸೊಬ್ಬರು ಗಂಟಿನ ಕಡೆ ನೋಡಿ, "ರಗ್ಗು ಇದ್ರೂ ನಡುಗ್ತಾ ಕೂತಿದೀರಲ್ರೀ, ಹೊದ್ಕೊಳ್ಳೋದಲ್ವಾ?" ಎಂದರು. ಅವ್ವ ಗಂಟನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು, "ಕೂಸಿಂದರೀ," ಎಂದಳು. ಇಡ್ಲಿ ಸಣ್ಣವು, ಬಿಸಿಯಾಗಿದ್ದವು. ಚಹಾ ಕೇಳಿದರೆ ಕಾಫಿ ಬಂತು. ಇನ್ನು ಊರಿಗೆ ಮರಳುವವರೆಗೂ ಹೀಗೇ ಎಂದು ಅಲ್ಲೇ ತಿಳಿದುಕೊಂಡೆವು.

ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರ. ಗಾಡಿ ನಿಧಾನವಾಗಿ ಹೋಯಿತು. ಎರಡೂ ಕಡೆ ರಾಗಿ ಹೊಲಗಳು, ತೆನೆ ಕಂದು ತಿರುಗಿದ್ದವು. ಜೋಳದ ಹೊಲ ನೋಡಿ ಬೆಳೆದ ನಮಗೆ ಅವು ಗಿಡ್ಡವಾಗಿ ಕಂಡವು. ಮಧ್ಯಾಹ್ನ ಮೈಸೂರು. ನಿಲ್ದಾಣಕ್ಕೆ ವಸಂತ ಬಂದಿದ್ದ. ಜಟಕಾದವನು ಲಕ್ಷ್ಮೀಪುರಂಗೆ ಹನ್ನೆರಡಾಣೆ ಕೇಳಿದ. ನಯಾ ಪೈಸೆ ಬಂದಿದ್ದರೂ ಜಟಕಾದವರ ಬಾಯಲ್ಲಿ ಇನ್ನೂ ಆಣೆಯೇ. ವಸಂತ ಮೈಸೂರಿನವರಂತೆ "ಹತ್ತಾಣೆ ತಗೊಳ್ಳಪ್ಪ, ದಿನಾ ಓಡಾಡೋರು ಕಣಪ್ಪ ನಾವು," ಎಂದದ್ದನ್ನು ಕೇಳಿ ಅವ್ವ ನನ್ನನ್ನು ತಿವಿದಳು. "ಇವನ ಮಾತ ನೋಡು!"

ದಾರಿಯಲ್ಲಿ ವಸಂತ ಒಂದು ಹಾಸಿಗೆ ಅಂಗಡಿಯ ಮುಂದೆ ಜಟಕಾ ನಿಲ್ಲಿಸಿದ. ಶಾಸ್ತ್ರಕ್ಕೆ ಬರುವ ನೆಂಟರಿಗೆ ದಿಂಬು ಬೇಕಿತ್ತಂತೆ. ಅಂಗಡಿಯ ಮುಂಭಾಗದಲ್ಲಿ ಹಗ್ಗದ ಮೇಲೆ ಹೊದಿಕೆಗಳು ತೂಗುತ್ತಿದ್ದವು, ಮತ್ತು ಅವುಗಳಲ್ಲಿ ಅರ್ಧದಷ್ಟರ ಮೇಲೆ ನಮ್ಮ ಬಾವಿ! ಚೌಕದೊಳಗೆ ಚೌಕ, ಗಾಢ ಬಣ್ಣ, ಅಂಚಿನಲ್ಲಿ ಹೊಲಿಗೆ ಹಾಕಿದಂತೆ ಬಿಳಿ ಟಾಕುಗಳು ಕೂಡ. ಅವ್ವ ಜಟಕಾದಿಂದ ಇಳಿದೇ ಬಿಟ್ಟಳು. ಒಂದನ್ನು ಹಿಡಿದು ಬೆರಳಾಡಿಸಿದಳು. ತಿರುಗಿಸಿ ಹಿಂಬದಿ ನೋಡಿದಳು.

"ಇದರಾಗ ಹೊಲಿಗಿ ಎಲ್ಲದ?"

"ಹೊಲಿಗೆ ಯಾಕಮ್ಮಾ? ಪ್ರಿಂಟು, ಮಿಲ್ಲಿಂದು," ಎಂದರು ಅಂಗಡಿಯ ಸಾಹೇಬರು. "ಬಣ್ಣ ಹೋದ್ರೆ ಬಂದು ನನ್ನ ಕೇಳಿ."

"ಹೂವಿಂದು, ನವಿಲಿಂದು ಇಲ್ಲವೇ?" ಎಂದು ನಾನು ಕೇಳಿದೆ.

"ಇದಾವೆ ತಾಯಿ, ಒಳಗೆ ಮಲಗವೆ. ಹೊಸಾ ಡಿಸೈನು ಜನ ನೋಡ್ತಾರೆ, ತಾರೀಫು ಮಾಡ್ತಾರೆ, ಹೋಗ್ವಾಗ ಇದನ್ನೇ ಕಟ್ಸ್ಕೊಂಡು ಹೋಗ್ತಾರೆ. ಯಾಕೆ ಅಂತ ನಮ್ಮ ತಂದೇವ್ರಿಗೂ ಗೊತ್ತಾಗ್ಲಿಲ್ಲ, ನಂಗೂ ಗೊತ್ತಿಲ್ಲ."

ನನ್ನ ಪ್ರಶ್ನೆಗೆ ಅದು ಉತ್ತರವಲ್ಲ. ಆದರೆ ಪ್ರಶ್ನೆ ನನ್ನೊಬ್ಬಳದೇ ಅಲ್ಲ ಎಂದು ತಿಳಿದು ಹಗುರವಾಯಿತು. ಅವ್ವ ಮಾತ್ರ ಜಟಕಾ ಹತ್ತಿ, "ಬರೇ ಬಾವಿ ಚಿತ್ರ. ನೀರಽ ಇಲ್ಲ," ಎಂದು ಗೊಣಗಿದಳು.

ಬೀಗರ ಮನೆಯ ಬಾಗಿಲಲ್ಲಿ ಸರೋಜಳ ತಾಯಿ ಕಮಲಮ್ಮನವರು ನಿಂತಿದ್ದರು. ತೆಳ್ಳಗೆ, ಎತ್ತರ, ಮಾತು ಬೇಗ. "ಬನ್ನಿ ಬನ್ನಿ, ಎಷ್ಟು ದೂರದಿಂದ ಬಂದ್ರಿ! ಕಾಲಿಗೆ ನೀರು ತಗೊಳ್ಳಿ. ಕಾಫಿಗಿಟ್ಬುಟ್ಟಿದೀನಿ." ನಡುಮನೆಯ ನೆಲಕ್ಕೆ ಹಾಸಿದ್ದ ಬಣ್ಣದ ಸಿಮೆಂಟು ಬಿಲ್ಲೆಗಳಲ್ಲೂ ಚೌಕದೊಳಗೊಂದು ಚೌಕ ಕಂಡಿತು. ನಿಜವಾಗಿ ಇತ್ತೋ, ಅದನ್ನೇ ಹುಡುಕುತ್ತಿದ್ದ ಕಣ್ಣಿಗೆ ಕಂಡಿತೋ, ಈಗ ಹೇಳಲಾರೆ. ಅದರ ಮೇಲೆ ಮರದ ತೊಟ್ಟಿಲು. ತೊಟ್ಟಿಲಿನಲ್ಲಿ, ಅಂಗಡಿಯಲ್ಲಿ ಈಗಷ್ಟೇ ನೋಡಿ ಬಂದಿದ್ದ ಅದೇ ಅಚ್ಚಿನ ಹೊದಿಕೆ, ಹೊಸದು, ನೀಟಾಗಿ ಮಡಿಸಿ ಹಾಸಿತ್ತು.

ಅವ್ವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ನಿಮ್ಮ ಕಡೆ ಇದೇ ಡಿಸೈನು ಅಂತ ಸರೋಜ ಹೇಳಿದ್ಲು ಕಣ್ರೀ," ಎಂದರು ಕಮಲಮ್ಮ, ಬಹಳ ಸಂತೋಷದಿಂದ. "ಅದಕ್ಕೇ ಮಾರ್ಕೆಟ್ಟೆಲ್ಲ ಸುತ್ತಿ ತಂದೆ. ನೀವು ಬಂದಾಗ ಪರಕೀಯ ಅನ್ನಿಸಬಾರದು ಅಂತ."

ಅವ್ವ ತನ್ನ ಗಂಟನ್ನು ಬಿಚ್ಚಿ ಕೌದಿಯನ್ನು ಹರಡಿದಳು. ಕಮಲಮ್ಮ ಕೆಳಗೆ ಕೂತು ಕೈಯಿಂದ ಸವರಿದರು. "ಅಯ್ಯೋ, ಅಷ್ಟೂ ಕೈ ಹೊಲಿಗೇನಾ? ಎಷ್ಟು ಮೆತ್ತಗಿದೆ! ನಾಳೆ ಮಗೂನ ಇದರ ಮೇಲೇ ಹಾಕೋಣ. ಅದು ಕೆಳಗಿರಲಿ, ಇದು ಮೇಲೆ." ಅವ್ವ ಆಗ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆ ದಿನ ಊಟಕ್ಕೆ ಬಿಸಿಬೇಳೆ ಹುಳಿಯನ್ನ. ಅವ್ವ ಎರಡು ಸಲ ಹಾಕಿಸಿಕೊಂಡಳು. ಕೌದಿಯನ್ನು ಮಡಿಸಿ ಕೈತೋಟದ ಕಿಟಕಿಯ ಪಕ್ಕದ ಬೆಂಚಿನ ಮೇಲಿಟ್ಟು ಮಲಗಿದೆವು.

ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಸಿದ್ದಮ್ಮನ ಕೂಗು. ಸಿದ್ದಮ್ಮ ನಂಜನಗೂಡಿನ ಕಡೆಯ ಹಳ್ಳಿಯವಳು. ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯಲು ದಿನಾ ಬರುವವಳು.

"ಅಯ್ಯೋ, ಇರುವೆ ಕಣವ್ವಾ, ಇರುವೆ! ಎಂಗೆ ಸಾಲ್ಗಟ್ಟವೆ ನೋಡ್ಬನ್ನಿ!"

ಕಿಟಕಿಯಿಂದ ಗೋಡೆಯಿಳಿದು, ಬೆಂಚಿನ ಕಾಲು ಹತ್ತಿ, ಕೆಂಪಿರುವೆಗಳ ಸಾಲು ನೇರವಾಗಿ ಕೌದಿಯ ಒಂದು ಮೂಲೆಯೊಳಗೆ ಹೋಗುತ್ತಿತ್ತು. ಹೋದಷ್ಟೇ ಹೊರಗೂ ಬರುತ್ತಿತ್ತು, ಬಾಯಲ್ಲಿ ಏನನ್ನೋ ಹೊತ್ತು. ಕಮಲಮ್ಮ ಬಂದರು, ನೋಡಿದರು. ಆಮೇಲೆ ಬಹಳ ಮೆಲ್ಲಗೆ, "ಪರವಾಗಿಲ್ಲ ಬಿಡಿ. ಇದನ್ನ ಬಿಸಿಲಿಗೆ ಹಾಕೋಣ. ಇವತ್ತಿಗೆ ತೊಟ್ಟಿಲಲ್ಲಿರೋದೇ ಸಾಕು," ಎಂದರು. ಇರುವೆ ಕಚ್ಚುವ ಹಾಸಿಗೆಯ ಮೇಲೆ ಮೂರು ತಿಂಗಳ ಮಗುವನ್ನು ಯಾರು ಮಲಗಿಸುತ್ತಾರೆ? ಅವರು ಹೇಳಿದ್ದು ಸರಿ. ಆದರೆ ಅವ್ವ ಕೌದಿಯನ್ನೆತ್ತಿಕೊಂಡು ಹಿತ್ತಲಿಗೆ ಹೋದ ರೀತಿ ನೋಡಿ ನನಗೆ ಸಂಕಟವಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೆ ರೊಟ್ಟಿಯ ಒಂದು ಸಣ್ಣ ತುಣುಕು ಇಟ್ಟು ಹೊಲಿಯುವುದು ನಮ್ಮ ಮನೆಯ ಪದ್ಧತಿ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹೊದ್ದವರ ಹೊಟ್ಟೆ ತುಂಬಿರಲಿ ಎಂದು. ಜೋಳದ ಒಣ ರೊಟ್ಟಿ ವರ್ಷಾನುಗಟ್ಟಲೆ ಹಾಗೇ ಇರುತ್ತದೆ. ಕೊನೆಗೆ ಪುಡಿಯಾಗಿ ಬಟ್ಟೆಯೊಳಗೇ ಸೇರಿಹೋಗುತ್ತದೆ. ಅದಕ್ಕೆ ಇರುವೆ ಬಂದದ್ದನ್ನು ನಾನೆಂದೂ ಕಂಡಿರಲಿಲ್ಲ. ಕಂಡೂ ಮರೆತಿದ್ದೇನೆಯೋ ಎಂದು ಅವ್ವನ ಹಿಂದೆಯೇ ಹಿತ್ತಲಿಗೆ ಹೋಗಿ ಕೇಳಿದೆ.

"ರೊಟ್ಟಿಗೆ ಇರವಿ ಬರತಾವೇನವ್ವಾ?"

ಅವ್ವ ಕೌದಿಯನ್ನು ಒಗೆಯುವ ಕಲ್ಲಿನ ಮೇಲೆ ಕೊಡವುತ್ತಿದ್ದಳು. ಇನ್ನಷ್ಟು ಜೋರಾಗಿ ಕೊಡವಿದಳು. ನಮ್ಮ ಹಿಂದೆ ಕಮಲಮ್ಮನೂ ಮಗುವನ್ನು ಎತ್ತಿಕೊಂಡ ಸಿದ್ದಮ್ಮನೂ ಬಂದು ನಿಂತರು. ಕೊನೆಗೆ ಅವ್ವ ಕೌದಿಯ ಕಡೆಗೇ ನೋಡುತ್ತ ಹೇಳಿದಳು:

"ರೊಟ್ಟಿ ಅಲ್ಲ. ಹೋಳಿಗಿ ಇಟ್ಟೇನಿ."

"ಹೋಳಿಗಿ? ಯಾಕ?"

"ಅರಮನಿ ಊರಿಗೆ ಬರೂದು. ಅಂಥವರ ಮನಿಗೆ ಒಣಾ ರೊಟ್ಟಿ ತುಣುಕ ಹೊಲದು ಹ್ಯಾಂಗ ತರೂದು? ಅವರ ಕೂಸು ಅದರ ಮ್ಯಾಲೆ ಮಲಗೂದು... ದೀಪಾವಳಿಗೆ ಮಾಡಿದ್ದಿತ್ತಲ್ಲ, ಬೆಲ್ಲದ್ದು. ದೊಡ್ಡದಽ ಇಟ್ಟೆ."

ಕಮಲಮ್ಮನಿಗೆ ಇದು ಅರ್ಥವಾಗಲಿಲ್ಲ. ನಾನು ಪದ್ಧತಿಯನ್ನು ವಿವರಿಸಿದೆ. ಅವರು ಕೇಳುತ್ತ ಹೋದಂತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕೋಪವೇ ಎಂದು ಹೆದರಿದೆ. ಅದು ನಗು.

"ಅರಮನೇನೇ? ಅಲ್ರೀ, ನಮ್ಮೆಜಮಾನ್ರು ಅಲ್ಲಿ ಅಕ್ಕಿ ಅಳಸ್ತಿದ್ರು, ಅಷ್ಟೇ! ಮನೇಗ್ ಬಂದು ಸಾರನ್ನ ತಿಂತಿದ್ರು. ನೀವು ಬರ್ತೀರ ಅಂತ ನಾನು ಮೊನ್ನೆಯಿಂದ ಮನೆ ತೊಳ್ದಿದ್ದೇ ತೊಳ್ದಿದ್ದು, ನಿಮ್ಮ ಮಗಳು ಕಾಲೇಜು ಓದಿದೋಳು, ಏನಂದ್ಕೋತಾಳೋ ಅಂತ. ನೀವು ನಮಗೆ ಹೆದರ್ಕೊಂಡು ಕೌದೀಗೆ ಹೋಳಿಗೆ ಬಡಿಸ್ಬುಟ್ರಾ?"

"ಅದೇನ್ ಪುಣ್ಯ ಮಾಡಿತ್ತೋ," ಎಂದಳು ಸಿದ್ದಮ್ಮ. "ನಮ್ಮಟ್ಟೀಲಿ ಯುಗಾದೀಗ್ ಮಾಡೋದ್ನ ಇದು ಈಗ್ಲೇ ಉಂಡ್ಬುಡ್ತು. ಇರುವೆಗೂವೆ ಎಡೆ ಆಯ್ತು."

ಅವ್ವನೂ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು. "ಈಗ ಬಿಚ್ಚಿ ತಗೀಬೇಕು. ತಗದ್ರ ಹೊಟ್ಟಿ ಖಾಲಿ ಆಗತದ. ಹಸದ ಕೌದಿ ಕೂಸಿಗೆ ಹಾಸಬಾರದು," ಎಂದಳು. ಅವಳಿಗೆ ಅದು ತಮಾಷೆಯ ವಿಷಯವಾಗಿರಲಿಲ್ಲ. ಜೋಳದ ರೊಟ್ಟಿ ಮೈಸೂರಿನಲ್ಲಿ ಆ ಹೊತ್ತಿಗೆ ಎಲ್ಲಿ ಸಿಗಬೇಕು? ಅನ್ನವನ್ನೋ ದೋಸೆಯನ್ನೋ ಇಡುವುದಕ್ಕೆ ಕಮಲಮ್ಮ ಒಪ್ಪುವಂತಿರಲಿಲ್ಲ. ಬೇಯಿಸಿದ್ದನ್ನು ಹಾಸಿಗೆಯೊಳಗೆ ಇಟ್ಟರೆ ಮುಸುರೆಯಾಗುತ್ತದೆಂದು ಆಗಲೇ ಅವರ ಹುಬ್ಬು ಗಂಟಾಗಿತ್ತು. ಶಾಸ್ತ್ರಕ್ಕೆ ಹೆಂಗಸರು ಬರುವ ಹೊತ್ತು ಹತ್ತಿರವಾಗುತ್ತಿತ್ತು.

ಕಮಲಮ್ಮ ಒಳಗೆ ಹೋದರು. ಬರುವಾಗ ಬೊಗಸೆಯಲ್ಲಿ ರಾಗಿ ತಂದರು.

"ಮಗೂಗೆ ಆರು ತಿಂಗಳಾದ್ಮೇಲೆ ರಾಗಿಸರಿ ಮಾಡಿ ತಿನ್ಸೋಕೆ ಅಂತ ತೊಳೆದು ಒಣಗಿಸಿಟ್ಟಿದೀನಿ. ಇದಕ್ಕೆ ಹುಳ ಬರಲ್ಲ, ಇರುವೆ ಮುಟ್ಟಲ್ಲ. ನಿಮ್ಮ ಕೌದಿ ರಾಗಿ ತಿನ್ನುತ್ತಾ, ಕೇಳಿ?"

ಅವ್ವ ಅವರ ಬೊಗಸೆಯಿಂದ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು. ಅಗಿದಳು. ಮಗುವಿಗೆ ಇಡುವ ಮೊದಲು ತಾನು ರುಚಿ ನೋಡುವ ಹಾಗೆ.

"ತಿಂತದ," ಎಂದಳು.

ಹಿತ್ತಲಿನ ಬಿಸಿಲಿನಲ್ಲಿ ಕೂತು ಮೂಲೆಯನ್ನು ಬಿಚ್ಚಿದೆವು. ಹೋಳಿಗೆ ಅರ್ಧ ಮಾತ್ರ ಉಳಿದಿತ್ತು. ಅವ್ವ ಒಳಪದರನ್ನು ಎತ್ತಿ ಕೊಡವುವಾಗ, "ಇಕಾ ನೋಡು, ನಿನ್ನ ಕೌದೀದು," ಎಂದು ಅಂಗೈಯಷ್ಟು ತುಂಡೊಂದನ್ನು ತೋರಿಸಿದಳು. ನಾನು ಬಾಗಿ ನೋಡಿದೆ. ಒಗೆದು ಒಗೆದು, ಸವೆದು, ಅದಕ್ಕೆ ಒಂದು ಬಣ್ಣವೆಂದು ಉಳಿದಿರಲಿಲ್ಲ.

"ಹಸರ," ಎಂದಳು ಅವ್ವ.

"ಕೆಂಪು," ಎಂದೆ ನಾನು. ಒಂದು ಎಳೆ ಹಾಗೆ ಕಂಡಿತು. ಆಣೆ ಮಾಡಿ ಹೇಳಲಾರೆ.

"ಬಿಳೀ ಕಣ್ರೀ ಅದು," ಎಂದರು ಕಮಲಮ್ಮ.

ಆ ತುಂಡಿನ ಮೇಲೆ ಒಂದಿಷ್ಟು ರಾಗಿ ಸುರಿದು ಸಣ್ಣ ಪೊಟ್ಟಣದಂತೆ ಮಡಿಸಿ ಅವ್ವ ಮೂಲೆಯನ್ನು ಮತ್ತೆ ಹೊಲಿದಳು. ಕಮಲಮ್ಮ ದಾರ ಪೋಣಿಸಿಕೊಟ್ಟರು. ಕೌದಿಯನ್ನು ಇನ್ನೊಮ್ಮೆ ಬಡಿದು, ಬಿಸಿಲಿಗೆ ತಿರುವಿ ಹಾಕಿ, ಒಂದು ಇರುವೆಯೂ ಉಳಿದಿಲ್ಲವೆಂದು ಸಿದ್ದಮ್ಮ ಅಂಗೈ ಸವರಿ ಸವರಿ ನೋಡಿದ ಮೇಲೆ ತೊಟ್ಟಿಲಿಗೆ ಹಾಸಿದೆವು. ಅಚ್ಚಿನ ಹೊದಿಕೆ ಕೆಳಗೆ, ಕೌದಿ ಮೇಲೆ. ಹೆಂಗಸರು ಹಾಡಿದರು. ಮಗು ಬಿಸಿಲು ಕುಡಿದ ಬಟ್ಟೆಯ ಮೇಲೆ ಮೈ ಚಾಚಿ, ಹಾಡು ಮುಗಿಯುವ ಮೊದಲೇ ನಿದ್ದೆ ಹೋಯಿತು. ಅವ್ವ ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಳು. ಅವಳ ಮುಖದ ಆ ನೆಮ್ಮದಿಯನ್ನು ಮಾತ್ರ ನಾನು ತಪ್ಪಾಗಿ ನೆನಪಿಟ್ಟುಕೊಂಡಿಲ್ಲ.

ಬಂದ ಹೆಂಗಸರಲ್ಲಿ ಕೃಷ್ಣಮೂರ್ತಿಪುರಂನಿಂದ ಬಂದ ಒಬ್ಬರು ಮಗುವಿಗಿಂತ ಹೆಚ್ಚಾಗಿ ಕೌದಿಯ ಅಂಚನ್ನೇ ಎತ್ತಿ ನೋಡುತ್ತಿದ್ದರು. ನಮಗೂ ಹೀಗೊಂದು ಹೊಲಿದುಕೊಡಲು ಆಗುತ್ತದೆಯೇ ಎಂದು ಕೇಳಿದರು. ಹೂವಿನದೂ ಮಾಡಬಹುದು ಎಂದು ನಾನು ಆಸೆ ಬಿಡದೆ ಹೇಳಿದೆ. "ಹೂವು ಬೇಡ ರೀ, ಇದೇ ಇರಲಿ," ಎಂದರು. ಯಾಕೆ ಎಂದು ಕೇಳಿಯೇಬಿಟ್ಟೆ. ಅವರು ಯೋಚಿಸಿದರು. "ಹೂವನ್ನ ನೋಡಿದ್ರೆ ನೋಡಿ ಆಯ್ತು. ಇದನ್ನ ನೋಡ್ತಾ ಇದ್ರೆ ಕಣ್ಣು ಒಳಗೊಳಗೆ ಹೋಗುತ್ತೆ, ಅಲ್ವಾ?" ಅದನ್ನು ಮಧ್ಯಾಹ್ನವೇ ಬರೆದಿಟ್ಟೆ. ಪೂರ್ತಿ ಉತ್ತರವೋ ಅಲ್ಲವೋ ತಿಳಿಯದು. ಜ್ವರದಲ್ಲಿ ಮಲಗಿದ ಹುಡುಗಿಯೊಬ್ಬಳ ಬೆರಳು ಹೋಗಿ ನಡುವಿನ ತುಂಡಿನಲ್ಲೇ ನಿಲ್ಲುತ್ತಿದ್ದುದು ಅದಕ್ಕೇ ಇರಬಹುದು, ಆ ತುಂಡು ಯಾವ ಬಣ್ಣದ್ದೇ ಆಗಿರಲಿ.

ನನ್ನ ರಜೆ ಮುಗಿಯುವ ಹೊತ್ತಿಗೆ ಕಮಲಮ್ಮ ಅಟ್ಟದ ಪೆಟ್ಟಿಗೆ ಇಳಿಸಿ ತಮ್ಮ ಹಳೆಯ ಸೀರೆಗಳನ್ನು ನಡುಮನೆಯ ತುಂಬ ಹರಡಿದ್ದರು. ಅವ್ವ ಕತ್ತರಿ ಹಿಡಿದು ನಡುವೆ ಕೂತಿದ್ದಳು. ಇಬ್ಬರ ಮಾತಿನಲ್ಲಿ ಧಾರವಾಡ ಯಾವುದು, ಮೈಸೂರು ಯಾವುದು ಎಂದು ಬೇರ್ಪಡಿಸುವುದು ಕಷ್ಟವಾಗತೊಡಗಿತ್ತು. ಅವ್ವ "ಕಣ್ರೀ" ಎಂದದ್ದನ್ನು ನಾನೇ ಕೇಳಿದೆ. ಊರಿಗೆ ಹೊರಡುವ ಮಾತೆತ್ತಿದರೆ, "ನೀ ಹೋಗು. ಬಾವಿ ಅರ್ಧಕ್ಕ ಬಿಟ್ಟು ಬರಲಿಕ್ಕೆ ಆಗತದೇನು?" ಎಂದಳು.

ಹಾಗಾಗಿ ಹಿಂದಿರುಗಿದ್ದು ನಾನೊಬ್ಬಳೇ. ನಿಲ್ದಾಣಕ್ಕೆ ಅವರಿಬ್ಬರೂ ಬಂದರು. ಕಮಲಮ್ಮ ದಾರಿಗೆ ಪುಳಿಯೋಗರೆ ಕಟ್ಟಿಕೊಟ್ಟರು. ತಮ್ಮ ಕೌದಿಯ ಹೊಟ್ಟೆಗೆ ಧಾರವಾಡದ ಜೋಳದ ರೊಟ್ಟಿಯೇ ಆಗಬೇಕೆಂದು ಅವರ ಹಟ. ಒಣ ರೊಟ್ಟಿಯಾದರೆ ಮುಸುರೆಯ ಮಾತಿಲ್ಲವೆಂದು ಅದು ಹೇಗೋ ತಾವೇ ತೀರ್ಮಾನಿಸಿಕೊಂಡಿದ್ದರು.

"ಪೋಸ್ಟಲ್ಲಿ ಕಳಿಸಮ್ಮ, ಸುಮತಿ. ಸಪ್ಪೆ ರೊಟ್ಟಿ, ಗೊತ್ತಾಯ್ತಾ? ಇರುವೆಗಲ್ಲ, ಕೌದೀಗೆ!"

"ಛಲೋತ್ನ್ಯಾಗಿ ಒಣಗಸು," ಎಂದಳು ಅವ್ವ.

ಗಾಡಿ ಹೊರಟಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೈಬೀಸಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಪ್ಲಾಟ್‌ಫಾರಮ್ಮಿನ ಮೇಲೆ ಕಡುಹಸಿರು ಸೀರೆಯುಟ್ಟ ಹೆಂಗಸೊಬ್ಬಳು ಟ್ರಂಕಿನ ಮೇಲೆ ಕೂತಿದ್ದಳು. ಅವ್ವ ಅವಳ ಸೀರೆಯ ಅಂಚಿನತ್ತ ಬೆರಳು ಮಾಡಿ, ಹೊಸ ಬಾವಿಯ ನಡುವಿಗೋ ನನ್ನ ಹಳೆಯ ತುಂಡಿನ ಬಣ್ಣಕ್ಕೋ, ಏನೋ ಹೇಳುತ್ತಿದ್ದಳು. ಕಮಲಮ್ಮ ಕಣ್ಣು ಕಿರಿದು ಮಾಡಿ ನೋಡಿ, ತಲೆಯಾಡಿಸುತ್ತಿದ್ದರು.